ಯುರ್ಮೊ ಹಳ್ಳಿಯ ಮೇಲಂತಸ್ತಿನ ಕಕ್ಕಸಿಗೆ ಸಿಮೆಂಟು ಸುರಿಯುವ ಮುನ್ನ

ಒಣ ಕಕ್ಕಸುಗಳಿಗೆ ಮೊಹರು ಹಾಕುವ ಘನ ಕಚೇರಿಯ ಮಾನ್ಯ ಅಧಿಕಾರಿಗಳೇ,

ಇದೇ ಅಕ್ಟೋಬರ್ ಇಪ್ಪತ್ತನಾಲ್ಕರಂದು ನಮ್ಮ ಮನೆಯ ಕಕ್ಕಸಿನ ಗುಂಡಿಗೆ ಸಿಮೆಂಟು ಸುರಿಯಲು ಆಳುಗಳನ್ನು ಕಳಿಸುತ್ತೇವೆ ಎಂದು ತಾವು ನೋಟಿಸು ಹೊರಡಿಸಿದ್ದೀರಿ. ನೋಟಿಸು ತಲುಪಿದೆ. ಓದಿದ್ದೇನೆ. ಹತ್ತನೆಯ ತರಗತಿಯವರೆಗೆ ಕಲಿತವಳಾದ್ದರಿಂದ ಅರ್ಥವೂ ಆಗಿದೆ. ಅರ್ಥವಾಗದೆ ಉಳಿದದ್ದು ಒಂದೇ: ಅದಕ್ಕೆ ರುಜು ಹಾಕುವಾಗ ತಮ್ಮ ಕೈ ನಡುಗಲಿಲ್ಲವೇ? ಕೈ ನಡುಗುವುದಕ್ಕೆ ನಮ್ಮೂರಿನ ಚಳಿಯೇ ಬೇಕೆಂದೇನಿಲ್ಲ, ಒಂದಿಷ್ಟು ನಾಚಿಕೆಯಿದ್ದರೂ ಸಾಕಾಗುತ್ತದೆ.

ಅಧಿಕಾರಿಗಳಿಗೆ ಮರೆವು ಹುದ್ದೆಯ ಜೊತೆಗೇ ಬರುವ ಸವಲತ್ತು ಎಂದು ಕೇಳಿದ್ದೇನೆ. ಆದ್ದರಿಂದ ಪರಿಚಯ ಹೇಳಿಕೊಳ್ಳುತ್ತೇನೆ. ನನ್ನ ಹೆಸರು ಕುಂಜೆಸ್. ಲಡಾಖಿನ ಯುರ್ಮೊ ಹಳ್ಳಿಯವಳು. ಇಪ್ಪತ್ತಮೂರು ಮನೆಗಳ ಊರು, ಕಣಿವೆ ದಾಟಿ ಹೋದರೆ ಪೇಟೆ, ಹಿಮ ಬಿದ್ದರೆ ಅದೂ ಇಲ್ಲ. ಮನೆಯಲ್ಲಿ ನಾನು, ನನ್ನ ಗಂಡ ತುಂಡುಪ್, ಎಂಬತ್ತೆರಡು ವರ್ಷದ ನಮ್ಮತ್ತೆ. ಅತ್ತೆಯನ್ನು ಇಡೀ ಊರು ಅಬಿ-ಲೆ ಎಂದು ಕರೆಯುತ್ತದೆ. ಅಬಿ ಅಂದರೆ ಅಜ್ಜಿ, ಲೆ ಗೌರವಕ್ಕೆ; ನಾನೂ ಹಾಗೇ ಕರೆಯುತ್ತೇನೆ, ತಾವೂ ಹಾಗೇ ಕರೆದಿರಿ. ನೆನಪಾಯಿತೇ? ನೆನಪಾಗದಿದ್ದರೆ ಮುಂದೆ ಓದಿ, ತಾನಾಗಿ ಆಗುತ್ತದೆ. ತಾವು ಆ ಕೋಣೆಯನ್ನು ಮುಚ್ಚಿಸಿದರೆ ಅಬಿ-ಲೆ ಈ ಚಳಿಗಾಲವನ್ನು ದಾಟುವುದಿಲ್ಲ. ಇದು ಬೆದರಿಕೆಯ ಮಾತಲ್ಲ, ಹೆಂಗಸಿನ ಗೋಳೂ ಅಲ್ಲ. ಹೋದ ಚಳಿಗಾಲದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ.

ನೋಟಿಸಿನಲ್ಲಿ ತಾವು ನಮ್ಮ ಕಕ್ಕಸನ್ನು ‘ಅವೈಜ್ಞಾನಿಕ ಹಾಗೂ ಅನಾಗರಿಕ ಗುಂಡಿ’ ಎಂದು ಬಣ್ಣಿಸಿದ್ದೀರಿ. ಪೇಟೆಯಿಂದ ಬಂದ ಪದಗಳು, ದಪ್ಪಗಿವೆ, ಚೆನ್ನಾಗಿವೆ. ಈಗ ನಾಗರಿಕತೆ ಗೊತ್ತಿಲ್ಲದವಳ ವಿಜ್ಞಾನವನ್ನು ಸ್ವಲ್ಪ ಕೇಳಿ. ನಮ್ಮಲ್ಲಿ ಅಂಗಳದಲ್ಲಿ ಒಟ್ಟಿದ ಸಗಣಿ ನವೆಂಬರಿಗೆ ಕಲ್ಲಾಗುತ್ತದೆ, ಏಪ್ರಿಲ್ ತನಕ ಕಲ್ಲಾಗಿಯೇ ಇರುತ್ತದೆ. ಕಲ್ಲು ಕೊಳೆಯುವುದಿಲ್ಲ, ಕೊಳೆಯದ್ದು ಗೊಬ್ಬರವಾಗುವುದಿಲ್ಲ, ಗೊಬ್ಬರವಿಲ್ಲದೆ ಈ ಮರಳುಮಣ್ಣಿನಲ್ಲಿ ಬಾರ್ಲಿ ಏಳುವುದಿಲ್ಲ. ಇದನ್ನು ತಿಳಿದುಕೊಳ್ಳಲು ನಮ್ಮ ಹಿರಿಯರಿಗೆ ಯಾವ ಕಚೇರಿಯೂ ಬೇಕಾಗಲಿಲ್ಲ. ಕೊಳೆಯಬೇಕಾದದ್ದಕ್ಕೂ ಬೆಚ್ಚಗಿನ ಜಾಗ ಬೇಕೆಂದು ಅವರು ದನದ ಕೊಟ್ಟಿಗೆಗೆ ಅಂಟಿಸಿ ಗುಂಡಿ ಕಟ್ಟಿದರು. ನಡುವೆ ಒಂದೇ ಗೋಡೆ. ಆಚೆ ಯಾಕ್ ಮತ್ತು ಹಸುವಿನ ಮಿಶ್ರತಳಿಯ ಎರಡು ಡ್ಜೋ ಎತ್ತು, ಒಂದು ಹಸು, ಹನ್ನೊಂದು ಆಡು ಉಸಿರಾಡುತ್ತವೆ. ಈಚೆ ಗೊಬ್ಬರ ಮಾಗುತ್ತದೆ. ಗುಂಡಿಯ ಮೇಲೆ ಕೋಣೆ, ಕೋಣೆಯ ನೆಲದಲ್ಲಿ ಒಂದು ಕಿಂಡಿ, ಮೂಲೆಯಲ್ಲಿ ಒಣಮಣ್ಣಿನ ರಾಶಿ, ಗೋಡೆಗೆ ಒರಗಿಸಿದ ಸಲಿಕೆ. ಕೆಲಸ ಮುಗಿದ ಮೇಲೆ ಒಂದು ಸಲಿಕೆ ಮಣ್ಣು ಸುರಿದು ಬರುವುದು. ಒಲೆಯ ಬೂದಿ, ಮೂಲಂಗಿ ಸಿಪ್ಪೆ, ಆಡಿನ ಹಿಕ್ಕೆ, ಕಣದ ಹೊಟ್ಟು ಎಲ್ಲವೂ ಅದೇ ಕಿಂಡಿಗೆ. ಅಡುಗೆಮನೆಯ ಒಲೆಯಿಂದ ಹತ್ತು ಹೆಜ್ಜೆ, ಒಂದು ಹೊಸ್ತಿಲು. ನೀರು ಬೇಡ, ನಾತವಿಲ್ಲ, ನೊಣವಿಲ್ಲ.

ಇಡೀ ವ್ಯವಸ್ಥೆ ನಿಂತಿರುವುದು ಆ ಮಣ್ಣಿನ ರಾಶಿಯ ಮೇಲೆ. ಸುಗ್ಗಿ ಮುಗಿದು ನೆಲ ಹೆಪ್ಪುಗಟ್ಟುವುದರೊಳಗೆ, ಅಂದರೆ ಇದೇ ಅಕ್ಟೋಬರಿನಲ್ಲಿ, ಮನೆಯವರೆಲ್ಲ ಸೇರಿ ಒಣಮಣ್ಣು ಅಗೆದು, ಜರಡಿ ಹಿಡಿದು, ಬೆನ್ನಬುಟ್ಟಿಯಲ್ಲಿ ಮೇಲಕ್ಕೆ ಹೊರಬೇಕು. ನಮ್ಮ ಮನೆಗೆ ಅರವತ್ತು ಬುಟ್ಟಿ. ಒಂದು ಸಲ ನೆಲ ಬಿಗಿದುಕೊಂಡಿತೋ, ಹಾರೆ ಹಾಕಿದರೆ ಹಾರೆಯೇ ಬಗ್ಗುತ್ತದೆ. ಅಕ್ಟೋಬರಿನಲ್ಲಿ ಮಣ್ಣು ಹೊರದ ಮನೆಗೆ ಏಪ್ರಿಲ್ ತನಕ ಗತಿಯಿಲ್ಲ. ತಾವು ಸಿಮೆಂಟಿಗೆ ಇಪ್ಪತ್ತನಾಲ್ಕನೇ ತಾರೀಖನ್ನೇ ಆರಿಸಿದ್ದು ಆಕಸ್ಮಿಕವೋ ಉದ್ದೇಶಪೂರ್ವಕವೋ ನನಗೆ ತಿಳಿಯದು. ಆಕಸ್ಮಿಕವಾದರೆ ತಮಗೆ ಈ ನಾಡು ಗೊತ್ತಿಲ್ಲ. ಉದ್ದೇಶಪೂರ್ವಕವಾದರೆ ಬಹಳ ಚೆನ್ನಾಗಿ ಗೊತ್ತಿದೆ, ಅದು ಇನ್ನೂ ಕೆಟ್ಟದ್ದು.

ಹೋದ ವರ್ಷ ಸೆಪ್ಟೆಂಬರಿನಲ್ಲಿ ತಮ್ಮ ಕಚೇರಿಯ ಲಾರಿಗಳು ಬಂದವು. ಪ್ರತಿ ಮನೆಯ ಅಂಗಳದ ತುದಿಯಲ್ಲಿ ತಗಡಿನ ಬಾಗಿಲಿನ ಒಂದು ಗೂಡು ಎದ್ದಿತು, ಅದರೊಳಗೆ ಬೆಳ್ಳಗೆ ಹೊಳೆಯುವ ಪಿಂಗಾಣಿ ಬೋಗುಣಿ, ಪಕ್ಕದಲ್ಲಿ ಒಂದು ನೀಲಿ ಬಕೆಟ್ಟು. ಅದೇ ದಿನ ಮೇಲಂತಸ್ತಿನ ಕಕ್ಕಸುಗಳ ಬಾಗಿಲಿಗೆ ಹಲಗೆ ಬಡಿದು, ಹಲಗೆಗೆ ಅರಗಿನ ಮೊಹರು ಒತ್ತಿದರು. ಅರಿವು ಮೂಡಿಸುವ ಶಿಬಿರವೂ ಆಯಿತು. ಕೈ ತೊಳೆಯುವುದನ್ನು ಏಳು ಹಂತಗಳಲ್ಲಿ ಕಲಿಸಿದರು. ಬೋಗುಣಿಗೆ ನೀರು ಸುರಿಯಬೇಕು ಎಂದು ಹೇಳಿದರು. ಇನ್ನೇನನ್ನು ಸುರಿಯಬಾರದು ಎಂದು ಹೇಳಲು ಯಾರಿಗೂ ತೋಚಲಿಲ್ಲ, ಏಕೆಂದರೆ ಅವರ ಊರಲ್ಲಿ ಯಾರೂ ಹಾಗೆ ಮಾಡುವುದಿಲ್ಲ.

ಉದ್ಘಾಟನೆಯ ಗೌರವ ನಮ್ಮ ಊರಿನ ಮುಖ್ಯಸ್ಥ ಗೋಬಾ ಥಿನ್ಲೆಸ್ ಅವರದು. ಊರೆಲ್ಲ ಹೊರಗೆ ನಿಂತು ಕಾಯುತ್ತಿತ್ತು. ಅವರು ಒಳಗೆ ಹೋದರು, ತಮ್ಮ ಕೆಲಸ ಮುಗಿಸಿದರು, ಗಂಭೀರವಾಗಿ ಹೊರಗೆ ಬಂದರು. ಅಂಗೈಯಲ್ಲಿ ಮಣ್ಣು.

“ಗೋಬಾ-ಲೆ, ಮಣ್ಣು ಹಾಕಿದ್ರಾ?” ಎಂದು ತುಂಡುಪ್ ಕೇಳಿದ.

“ಹಾಕ್ದೇ ಇರ್ತಾರಾ?” ಎಂದು ಗೋಬಾ ಗದರಿದರು. “ಬೆಕ್ಕು ಕೂಡ ಮಣ್ಣು ಮುಚ್ಚಿ ಬರುತ್ತೆ. ನಾನು ಊರಿನ ಗೋಬಾ, ಹಾಗೇ ಎದ್ದು ಬರ್ಲಾ?”

ನಗಬೇಡಿ. ಆ ವಾರ ಇಪ್ಪತ್ತಮೂರು ಮನೆಗಳವರೂ ಅದನ್ನೇ ಮಾಡಿದೆವು. ಹುಟ್ಟಿದಾಗಿನಿಂದ ಕೈಗೆ ಅಂಟಿದ ಮರ್ಯಾದೆ ಅದು. ಮುಚ್ಚದೆ ಎದ್ದು ಬಂದವನನ್ನು ನಮ್ಮಲ್ಲಿ ಮನುಷ್ಯ ಎನ್ನುವುದಿಲ್ಲ. ನೀರೂ ಸುರಿದೆವು, ಮಣ್ಣೂ ಸುರಿದೆವು. ಹತ್ತನೇ ದಿನಕ್ಕೆ ಅರ್ಧ ಊರಿನ ಕೊಳವೆಗಳು ಕೆಸರಿನಿಂದ ಬಿರಟೆ ಹಾಕಿದಂತೆ ಕಟ್ಟಿಕೊಂಡವು. ತಮ್ಮ ವರದಿಯಲ್ಲಿ ಇದಕ್ಕೆ ‘ಫಲಾನುಭವಿಗಳ ಅರಿವಿನ ಕೊರತೆ’ ಎಂದು ಬರೆಯಲಾಗಿದೆಯಂತೆ. ಇರಬಹುದು. ಆದರೆ ಬರುವ ಮುಂಚೆ ಒಂದೇ ಒಂದು ದಿನ ನಮ್ಮಲ್ಲಿ ಉಳಿದು, ಇವರು ಎದ್ದು ಬರುವಾಗ ಏನು ಮಾಡುತ್ತಾರೆ ಎಂದು ಕೇಳಿಕೊಳ್ಳದ ಕಚೇರಿಯ ಕೊರತೆಗೆ ಏನು ಹೆಸರಿಟ್ಟಿದ್ದೀರಿ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಕಟ್ಟಿಕೊಳ್ಳದ ಕೊಳವೆಗಳ ಪಾಡನ್ನು ನವೆಂಬರ್ ನೋಡಿಕೊಂಡಿತು. ಬಕೆಟ್ಟಿನ ನೀರು ಬಕೆಟ್ಟಿನ ಆಕಾರದಲ್ಲೇ ಗಟ್ಟಿಯಾಯಿತು. ಬೋಗುಣಿಯ ಬಾಯಲ್ಲಿ ನಿಂತ ನೀರು ಹೆಪ್ಪುಗಟ್ಟಿ ಪಿಂಗಾಣಿ ಸೀಳಿತು. ನಮ್ಮೂರಿನಲ್ಲಿ ಚಳಿಗಾಲಕ್ಕೆ ನೀರು ಅಂತ ಇರುವುದು ಮಠದ ಕೆಳಗಿನ ಒಂದು ಬುಗ್ಗೆ. ಅಲ್ಲಿಂದ ಡಬ್ಬಿಯಲ್ಲಿ ಹೊತ್ತು ತಂದ ನೀರಿನಲ್ಲಿ ಅಡುಗೆ ಮಾಡಬೇಕು, ದನಕ್ಕೆ ಕುಡಿಸಬೇಕು, ಅದರಲ್ಲೇ ತಮ್ಮ ಬೋಗುಣಿಗೂ ಸುರಿಯಬೇಕು. ಅಬಿ-ಲೆ ಮೊದಲ ದಿನವೇ ಕೇಳಿದ್ದರು, “ಅಲ್ಲಮ್ಮಾ, ಕುಡಿಯೋ ನೀರನ್ನ ಅದಕ್ಕೆ ಹಾಕಿ, ಹೊಲಕ್ಕೆ ಹೋಗೋದನ್ನ ನೆಲದಡಿ ಹೂತು ಹಾಕಿ, ಹೊಲಕ್ಕೆ ಮತ್ತೆ ಚೀಲದಲ್ಲಿ ಬಿಳಿ ಪುಡಿ ತರೋದಂತೆ. ಇದನ್ನ ಯೋಚ್ನೆ ಮಾಡಿದವನಿಗೆ ಮದುವೆ ಆಗಿದೆಯಾ? ಮನೇಲಿ ಕೇಳೋರು ಯಾರೂ ಇಲ್ವಾ?” ಈ ಪ್ರಶ್ನೆಯನ್ನು ಶಿಬಿರದಲ್ಲಿ ಕೇಳಲು ನನಗೆ ಧೈರ್ಯವಾಗಲಿಲ್ಲ. ಈಗ ಕೇಳುತ್ತಿದ್ದೇನೆ.

ಇಷ್ಟಾದರೂ ನಾವು ತಮ್ಮ ಮೊಹರನ್ನು ಮುಟ್ಟಲಿಲ್ಲ. ಸರ್ಕಾರದ ಅರಗು ಎಂದರೆ ನಮ್ಮವರಿಗೆ ಅಷ್ಟು ಭಯ. ಗಂಡಸರು ಬಂಡೆಗಳ ಮರೆಗೆ ಹೋದರು. ಹೆಂಗಸರು ಬೆಳಕು ಹರಿಯುವ ಮುಂಚೆ ಹೋದರು. ಅಬಿ-ಲೆ, ಬೋಗುಣಿ ಸೀಳಿದ್ದರೂ, ತಾವು ಕಟ್ಟಿಸಿದ ಅಂಗಳದ ತುದಿಯ ಗೂಡಿಗೇ ಹೋಗುತ್ತಿದ್ದರು, ಏಕೆಂದರೆ ಅವರಿಗೆ ಬಂಡೆಯವರೆಗೆ ನಡೆಯುವ ಶಕ್ತಿಯಿರಲಿಲ್ಲ. ಡಿಸೆಂಬರಿನ ಒಂದು ಮಧ್ಯಾಹ್ನ ಗೂಡಿನ ಹೊಸ್ತಿಲ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದರು. ನಾನು ದನಕ್ಕೆ ಹುಲ್ಲು ಹಾಕುತ್ತಿದ್ದೆ, ಕೂಗು ಕೇಳಲಿಲ್ಲ. ನೋಡುವಷ್ಟರಲ್ಲಿ ಅವರು ಮೊಣಕೈಯೂರಿ ತೆವಳಿಕೊಂಡು ಅರ್ಧ ಅಂಗಳ ದಾಟಿದ್ದರು. ಸೊಂಟದ ಮೂಳೆ ಮುರಿದಿರಲಿಲ್ಲ, ನಮ್ಮ ಪುಣ್ಯ. ಆದರೆ ಅಲ್ಲಿಂದ ಮುಂದೆ ನಡೆದದ್ದು ಮುರಿದ ಮೂಳೆಗಿಂತ ಕೆಟ್ಟದ್ದಾಗಿತ್ತು.

ಅಬಿ-ಲೆ ಚಹಾ ಬೇಡ ಅಂದರು.

ಉಪ್ಪು ಬೆಣ್ಣೆಯ ಚಹಾವನ್ನು ದಿನಕ್ಕೆ ಹತ್ತು ಹನ್ನೆರಡು ಬಟ್ಟಲು ಕುಡಿಯುತ್ತಿದ್ದ ಹೆಂಗಸು, ಬಟ್ಟಲಿಗೆ ಅಂಗೈ ಮುಚ್ಚಿ ಬೇಡ ಅಂದರು. ಮೊದಲು ನೋವಿಗೆ ಅಂದುಕೊಂಡೆ. ಆಮೇಲೆ ಬಿಸಿ ಥುಕ್ಪಾ ಸಾರೂ ಬೇಡ ಅಂದರು, ಗಟ್ಟಿ ರೊಟ್ಟಿಯ ಒಂದು ಚೂರನ್ನು ಬಾಯಲ್ಲಿಟ್ಟುಕೊಂಡು ದಿನ ಕಳೆದರು. ತುಟಿ ಒಡೆಯಿತು, ಕಣ್ಣು ಒಳಕ್ಕೆ ಹೋಯಿತು. ಐದನೇ ದಿನ ನಾನು ಜಗಳಕ್ಕೇ ಕೂತೆ.

“ಕುಡೀರಿ ಅಬಿ-ಲೆ, ಸಾಯ್ತೀರಾ?”

“ಕುಡಿದ್ರೆ ಹೋಗ್ಬೇಕಾಗುತ್ತೆ ಕಣೇ,” ಅಂದರು, ಮೆಲ್ಲಗೆ, ಮಗನಿಗೆ ಕೇಳಿಸದಂತೆ. “ಹೋಗೋದು ಅಂದ್ರೆ ನೀನು ನನ್ನ ಎತ್ಕೋಬೇಕು. ಈ ವಯಸ್ಸಲ್ಲಿ ಸೊಸೆ ಕೈಲಿ ಬಟ್ಟೆ ಬಿಚ್ಚಿಸ್ಕೊಂಡು ಮಂಜಲ್ಲಿ ಕೂರೋ ಬದಲು ಬಾಯಾರಿಕೆ ಪರವಾಗಿಲ್ಲ.”

ಮಾನ್ಯರೇ, ಮಾನ ಎಂಬ ಪದ ತಮ್ಮ ಫಲಕಗಳಲ್ಲೆಲ್ಲ ಇದೆ. ಶೌಚಾಲಯವೇ ಮಾನ, ಶೌಚಾಲಯವೇ ಗೌರವ. ಆ ಪದದ ಅರ್ಥ ನನಗೆ ತಿಳಿದದ್ದು ಆ ಐದನೇ ದಿನ. ತಮ್ಮ ಶೌಚಾಲಯ ಮನೆಗೆ ಬಂದ ಮೇಲೆ ನಮ್ಮತ್ತೆ ಮಾನಕ್ಕಾಗಿ ನೀರು ಕುಡಿಯುವುದನ್ನೇ ಬಿಟ್ಟರು. ನನಗೆ ಅಳು ಬರಬೇಕಾಗಿತ್ತು, ಸಿಟ್ಟು ಬಂತು. ಸೌದೆ ಒಡೆಯುವ ಕೊಡಲಿ ತೆಗೆದುಕೊಂಡು ಮೇಲಕ್ಕೆ ಹೋದೆ. ತುಂಡುಪ್ ಹಿಂದೆಯೇ ಓಡಿ ಬಂದ. “ಏ, ಅದು ಸರ್ಕಾರದ್ದು ಕಣೇ!” ಅಂದ. “ಸರ್ಕಾರ ಬಂದು ನಿಮ್ಮಮ್ಮನ್ನ ಎತ್ಕೊಂಡು ಹೋಗುತ್ತಾ?” ಅಂದೆ. ಮೂರು ಏಟಿಗೆ ಹಲಗೆ ಬಿತ್ತು. ನಾನೇ ಮೊಹರು ಒಡೆದದ್ದು. ಬರೆದುಕೊಳ್ಳಿ: ಕುಂಜೆಸ್, ಸ್ವಂತ ಕೈಯಿಂದ, ಪೂರ್ಣ ಎಚ್ಚರದಲ್ಲಿ.

ಮೇಲೆ ಮಣ್ಣಿರಲಿಲ್ಲ. ಸೆಪ್ಟೆಂಬರಿನಲ್ಲೇ ಮುಚ್ಚಿದ ಕೋಣೆಗೆ ಅಕ್ಟೋಬರಿನಲ್ಲಿ ಮಣ್ಣು ಹೊರುವವರು ಯಾರು? ಒಲೆಯ ಬೂದಿಯನ್ನು ಬುಟ್ಟಿಯಲ್ಲಿ ಕೂಡಿಟ್ಟೆ, ಕೊಟ್ಟಿಗೆಯ ಮೂಲೆಯಿಂದ ಹಿಕ್ಕೆಯ ಪುಡಿ ಕೆರೆದು ತಂದೆ, ಅಳೆದು ಅಳೆದು ಬಳಸಿದೆವು. ಆ ದಿನ ಅಬಿ-ಲೆ ಗೋಡೆ ಹಿಡಿದುಕೊಂಡು ತಾವೇ ಹೋಗಿ ಬಂದರು. ಬಂದು ಒಲೆಯ ಮುಂದೆ ಕೂತು ಬಟ್ಟಲು ಮುಂದೆ ಚಾಚಿದರು.

ಇನ್ನು ತಮ್ಮ ವಿಷಯಕ್ಕೆ ಬರೋಣ.

ಫೆಬ್ರವರಿಯಲ್ಲಿ ತಾವು ಗುಮಾಸ್ತನೊಬ್ಬನನ್ನು ಕರೆದುಕೊಂಡು, ಕೆಂಪು ಬಟ್ಟೆ ಸುತ್ತಿದ ಫಲಕವನ್ನು ಹಿಡಿದುಕೊಂಡು ಬಂದಿರಿ. ಯುರ್ಮೊ ಹಳ್ಳಿಯನ್ನು ‘ಸಂಪೂರ್ಣ ನೀರಿನ ಶೌಚಾಲಯ ಗ್ರಾಮ’ ಎಂದು ಘೋಷಿಸುವ ಫಲಕ. ಬೆಳಗ್ಗೆ ಬಂದು ಮಧ್ಯಾಹ್ನ ಹೊರಡುವ ಯೋಚನೆ. ಕಣಿವೆಯ ಮೇಲೆ ಹಿಮ ಕುಸಿಯಿತು, ರಸ್ತೆ ಮುಚ್ಚಿತು. ಊರಿನಲ್ಲಿ ಬೆಚ್ಚಗಿನ ಅತಿಥಿ ಕೋಣೆಯಿರುವ ಮನೆ ನಮ್ಮದು, ಆದ್ದರಿಂದ ಮೂರು ದಿನ ತಾವು ನಮ್ಮ ಅತಿಥಿ. ಹಾಸಿಗೆಗೆ ಕುರಿಯ ಚರ್ಮ ಹಾಕಿದೆವು. ಬೇಡ ಬೇಡ ಅಂದರೂ ಬಟ್ಟಲು ತುಂಬಿಸಿದೆವು, ನಮ್ಮ ಪದ್ಧತಿ ಅದು. ಒಣಗಿಸಿಟ್ಟ ಮಾಂಸದ ಥುಕ್ಪಾ ಎರಡು ಸಲ ಹಾಕಿಸಿಕೊಂಡಿರಿ. ನಾನು ಮಾತ್ರ ಮೇಲಿನ ಆ ಬಾಗಿಲಿಗೆ ಕಂಬಳಿ ನೇತುಹಾಕಿ, ತಾವು ಆ ಕಡೆ ತಿರುಗಿದಾಗಲೆಲ್ಲ ಎದೆ ಹಿಡಿದುಕೊಂಡು ನಿಂತಿದ್ದೆ.

ಮರುದಿನ ಬೆಳಗ್ಗೆ ಬಿಸಿಲು ಬಿದ್ದ ಮೇಲೆ ತಾವು ಅಂಗಳದ ಗೂಡಿಗೆ ಹೊರಟಿರಿ. ಬಾಗಿಲಿಗೆ ಮೊಣಕಾಲೆತ್ತರ ಹಿಮ. ಗುಮಾಸ್ತ ಸಲಿಕೆಯಿಂದ ಬಿಡಿಸಿದ. ಒಳಗೆ ಬೋಗುಣಿ ಎರಡು ಹೋಳು, ನಡುವೆ ಮಂಜಿನ ಗುಡ್ಡೆ. ತಾವು ಬಾಗಿಲಲ್ಲೇ ನಿಂತು ಅದನ್ನು ನೋಡಿದಿರಿ, ಅಂಗಳ ನೋಡಿದಿರಿ, ಮೈ ಮರೆಮಾಡುವ ಒಂದು ಪೊದೆಯೂ ಇಲ್ಲದ ಬೆಳ್ಳನೆಯ ಕಣಿವೆಯನ್ನು ನೋಡಿದಿರಿ. ಒಳಗೆ ಬಂದು ಒಲೆಯ ಬಳಿ ಕೂರದೆ ನಿಂತಿರಿ.

“ಯಾಕಪ್ಪಾ ಸಾಹೇಬ, ಕಾಲು ಬದಲಾಯಿಸ್ತಾ ನಿಂತಿದೀಯ?” ಎಂದು ಅಬಿ-ಲೆ ಕೇಳಿದರು.

“ಏನಿಲ್ಲ ಅಬಿ-ಲೆ. ಚಳಿ.”

“ಚಳಿಗೆ ಮನುಷ್ಯ ಒಲೆ ಹತ್ರ ಬರ್ತಾನೆ, ಬಾಗಿಲ ಹತ್ರ ಹೋಗಲ್ಲ. ಎಂಟು ಮಕ್ಕಳನ್ನ ಸಾಕಿದೀನಿ, ಮುಖ ನೋಡಿದ್ರೆ ಗೊತ್ತಾಗುತ್ತೆ. ಕುಂಜೆಸ್, ಸಾಹೇಬ್ರನ್ನ ಮೇಲಕ್ಕೆ ಕರ್ಕೊಂಡು ಹೋಗು.”

ತುಂಡುಪ್ ನನ್ನ ಕಾಲು ತುಳಿದ. ನಾನು ಅಲ್ಲಾಡಲಿಲ್ಲ. “ಮೇಲೆ ಮೊಹರಿದೆ ಅಬಿ-ಲೆ,” ಅಂದೆ, ತಮ್ಮ ಮುಖ ನೋಡುತ್ತ. ಅಬಿ-ಲೆ ಜಪಮಣಿ ತಿರುಗಿಸುವುದನ್ನು ನಿಲ್ಲಿಸಿದರು. “ಮೊಹರು ಆಮೇಲೆ ನೋಡ್ಕೊಳ್ಳಲಿ. ಮೊದ್ಲು ಹೋಗ್ಲಿ ಪಾಪ. ಅವನೂ ಒಬ್ಬ ತಾಯಿ ಮಗ.”

ಕಂಬಳಿ ಸರಿಸಿ ಒಳಗೆ ಬಿಟ್ಟೆ. ಮುರಿದ ಹಲಗೆಯನ್ನು ತಾವು ನೋಡಿದಿರಿ, ಅದರ ಮೇಲೆ ಅರ್ಧ ಉಳಿದ ತಮ್ಮದೇ ಕಚೇರಿಯ ಮೊಹರನ್ನೂ ನೋಡಿದಿರಿ, ಅದನ್ನು ದಾಟಿ ಒಳಗೆ ಹೋದಿರಿ. ನಾನು ಬಾಗಿಲಾಚೆ ಕಾವಲು ನಿಂತಿದ್ದೆ. ಕೆಲಹೊತ್ತಾದ ಮೇಲೆ ಒಳಗಿನಿಂದ ಒಂದು ಸದ್ದು ಬಂತು: ಸಲಿಕೆ ಬೂದಿಯಲ್ಲಿ ಕೂತು, ಎದ್ದು, ಕಿಂಡಿಗೆ ಬೋರಲಾದ ಸದ್ದು. ತಮಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ತಾವೂ ಈ ನಾಡಿನವರೇ, ತಮ್ಮ ಅಜ್ಜಿಯ ಮನೆಯಲ್ಲೂ ಇಂಥದೇ ಕೋಣೆಯಿತ್ತು, ಕೈಗೆ ನೆನಪಿತ್ತು. ಹೊರಗೆ ಬಂದಾಗ ತಮ್ಮ ಮುಖ ಹತ್ತು ವರ್ಷ ಚಿಕ್ಕದಾಗಿತ್ತು. “ಬೆಚ್ಚಗಿದೆ,” ಅಂದಿರಿ. ಅಷ್ಟೇ ಅಂದಿರಿ. ಆ ಗಳಿಗೆಯಲ್ಲಿ, ಸುಳ್ಳೇಕೆ ಹೇಳಲಿ, ತಾವು ನನಗೆ ಇಷ್ಟವಾದಿರಿ. ಇವರಿಗೆ ಅರ್ಥವಾಯಿತು, ಇನ್ನು ಚಿಂತೆಯಿಲ್ಲ ಅಂದುಕೊಂಡೆ. ಇವತ್ತು ಆ ನಂಬಿಕೆಗೇ ನನಗೆ ಹೆಚ್ಚು ಸಿಟ್ಟು ಬರುತ್ತಿದೆ.

ಮೂರು ದಿನ, ಏಳು ಸಲ. ನಾನು ಎಣಿಸಲಿಲ್ಲ, ಅಬಿ-ಲೆ ಎಣಿಸಿದ್ದಾರೆ. ಗುಮಾಸ್ತನದು ಬೇರೆ. ಎಣಿಕೆ ಏಕೆಂದರೆ ಬೂದಿ ಕಡಿಮೆಯಿತ್ತು. ತಮ್ಮ ಪಾಲಿಗೆ ಏಳು ಸಲಿಕೆ ತೆಗೆದಿಟ್ಟು, ಅಬಿ-ಲೆ ಸ್ವಂತಕ್ಕೆ ಅರ್ಧರ್ಧ ಸಲಿಕೆ ಮಾಡಿಕೊಂಡರು. ಅತಿಥಿಗೆ ಬೂದಿಯಲ್ಲೂ ಕೊರತೆಯಾಗಬಾರದಂತೆ. ನಾಲ್ಕನೇ ದಿನ ರಸ್ತೆ ತೆರೆಯಿತು. ತಾವು ಊರಿನ ಮುಂದೆ ನಿಂತು ಫಲಕ ಬಿಡಿಸಿದಿರಿ, ಗೋಬಾ ಅವರಿಂದ ದೃಢೀಕರಣಕ್ಕೆ ರುಜು ಹಾಕಿಸಿಕೊಂಡಿರಿ, ಗುಮಾಸ್ತ ಫೋಟೋ ತೆಗೆದ. ಒಡೆದ ಬೋಗುಣಿಯ ಗೂಡಿನ ಮುಂದೆಯೇ ತೆಗೆದ, ಬಾಗಿಲು ಮುಚ್ಚಿ. ಜೀಪು ಹತ್ತುವಾಗ ತಾವು ಅಬಿ-ಲೆಯ ಕೈ ಹಿಡಿದು “ಆರೋಗ್ಯ ನೋಡ್ಕೊಳ್ಳಿ” ಅಂದಿರಿ.

ಏಪ್ರಿಲಿನಲ್ಲಿ ಗೊಬ್ಬರ ತೆಗೆಯುವ ಕಾಲ ಬಂತು. ತಮಗೆ ಗೊತ್ತು, ಆ ಕೆಲಸ ಒಬ್ಬರದಲ್ಲ. ಗುಂಡಿಯ ಕೆಳಬಾಗಿಲ ಮಣ್ಣು ಕೆಡವಿದ ದಿನ ನೆರೆಯವರೆಲ್ಲ ಕತ್ತೆ, ಬುಟ್ಟಿಗಳೊಂದಿಗೆ ಬರುತ್ತಾರೆ. ಹಿರಿಯರು ಒಂದು ಹಿಡಿ ಎತ್ತಿ, ಉಜ್ಜಿ, ಮೂಸಿ ತೀರ್ಪು ಹೇಳುತ್ತಾರೆ. ನಾನು ಸೊಸೆಯಾಗಿ ಬಂದ ಮೊದಲ ವಸಂತದಲ್ಲಿ ಅಬಿ-ಲೆ ಊರೆದುರು “ಇವಳಿಗೆ ಸಲಿಕೆ ಭಾರ, ಮಣ್ಣು ಸಾಲದು” ಅಂದಿದ್ದರು, ನಾನು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದೆ. ಈ ವರ್ಷ ಬೇರೆ ಮನೆಗಳ ಗುಂಡಿಗಳಲ್ಲಿ ಬೇಸಿಗೆಯ ಪಾಲು ಮಾತ್ರ ಇತ್ತು, ಮೊಣಕಾಲಿಗೂ ಬರಲಿಲ್ಲ. ನಮ್ಮದು ಎದೆಯೆತ್ತರ. ಗೋಬಾ ಥಿನ್ಲೆಸ್ ಬಗ್ಗಿ ನೋಡಿದರು, ಎಲ್ಲರೂ ನೋಡಿದರು. ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ಗೋಬಾ ಒಂದು ಹಿಡಿ ಎತ್ತಿ ಮೂಸಿದರು.

“ಬೂದಿ ಸ್ವಲ್ಪ ಜಾಸ್ತಿ ಆಗಿದೆ ಕುಂಜೆಸ್,” ಅಂದರು. ಬುಟ್ಟಿ ಬೆನ್ನಿಗೇರಿಸಿಕೊಂಡು ಹೊಲಕ್ಕೆ ನಡೆದರು.

ದೃಢೀಕರಣಕ್ಕೆ ರುಜು ಹಾಕಿದ್ದ ಆ ಮನುಷ್ಯ ಅಷ್ಟೇ ಅಂದದ್ದು. ಇಪ್ಪತ್ತೆರಡು ಮನೆಗಳಲ್ಲಿ ಒಬ್ಬರೂ ತಮ್ಮ ಕಚೇರಿಗೆ ಚಾಡಿ ಹೇಳಲಿಲ್ಲ. ತಾವು ಕಳಿಸಿದ ಬಿಳಿ ಗೊಬ್ಬರ ಹಾಕಿದ ಹೊಲಗಳ ಬಾರ್ಲಿ ಜುಲೈ ಬಿಸಿಲಿಗೆ ಹಳದಿಯಾದಾಗಲೂ, ಹೊಟ್ಟೆಕಿಚ್ಚಿನಿಂದಲಾದರೂ, ಹೇಳಲಿಲ್ಲ. ಹಾಗಾದರೆ ಹೇಳಿದವರು ಯಾರು?

ನೋಟಿಸಿನಲ್ಲೇ ಉತ್ತರವಿದೆ. ‘ಫೆಬ್ರವರಿ ಹನ್ನೊಂದರಿಂದ ಹದಿಮೂರರವರೆಗೆ ನಡೆದ ಸ್ಥಳ ಪರಿಶೀಲನೆಯ ವೇಳೆ ಸದರಿ ಮನೆಯ ಮೊಹರು ಮುರಿದಿರುವುದು ಹಾಗೂ ಸದರಿ ಕಕ್ಕಸು ಸಕ್ರಿಯ ಬಳಕೆಯಲ್ಲಿರುವುದು ಕಂಡುಬಂದಿರುತ್ತದೆ.’ ಕಂಡುಬಂದಿರುತ್ತದೆ! ಯಾರಿಗೆ, ಯಾವ ಭಂಗಿಯಲ್ಲಿ ಕಂಡುಬಂದಿರುತ್ತದೆ, ಮಾನ್ಯರೇ? ಸಕ್ರಿಯ ಬಳಕೆ ಯಾರದು? ಮೇಲಿನಿಂದ ಯಾರೋ ತನಿಖೆಗೆ ಬರುತ್ತಾರಂತೆ, ಕ್ರಮ ಕೈಗೊಂಡದ್ದಕ್ಕೆ ಒಂದು ಉದಾಹರಣೆ ಬೇಕಂತೆ, ಇಡೀ ತಾಲ್ಲೂಕಿನಲ್ಲಿ ಮೊಹರು ಮುರಿದದ್ದು ತಮಗೆ ಖಚಿತವಾಗಿ ಗೊತ್ತಿದ್ದ ಮನೆ ಒಂದೇ ಅಂತೆ. ತಮ್ಮ ಗುಮಾಸ್ತನೇ ನೋಟಿಸು ತಂದುಕೊಟ್ಟು, ತಲೆ ತಗ್ಗಿಸಿ ಇಷ್ಟು ಹೇಳಿ ಹೋದ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಗಾದೆ. ಉಂಡದ್ದನ್ನು ಇಳಿಸಿದ ಮನೆಗೆ ಬಗೆಯಬಹುದು ಎಂದು ಯಾವ ಗಾದೆಯಲ್ಲೂ ಇಲ್ಲ, ಏಕೆಂದರೆ ಅಂಥವರು ಹುಟ್ಟುತ್ತಾರೆಂದು ಗಾದೆ ಕಟ್ಟಿದವರಿಗೆ ಹೊಳೆದಿರಲಿಕ್ಕಿಲ್ಲ.

ಇನ್ನೊಂದು ಮಾಹಿತಿ, ಕಡತಕ್ಕೆ. ಏಪ್ರಿಲಿನಲ್ಲಿ ನಾವು ತೆಗೆಯುವುದು ಕೆಳಗಿನ ಮಾಗಿದ ಗೊಬ್ಬರವನ್ನು ಮಾತ್ರ. ಮೇಲಿನ ಹಸಿ ಪದರವನ್ನು ಮುಂದಿನ ವರ್ಷಕ್ಕೆಂದು ಮೂಲೆಗೆ ಸರಿಸಿಡುತ್ತೇವೆ. ಫೆಬ್ರವರಿಯ ಪದರ ಅಲ್ಲೇ ಇದೆ, ನಿಧಾನವಾಗಿ ಮಾಗುತ್ತಿದೆ. ತಾವು ಇಪ್ಪತ್ತನಾಲ್ಕರಂದು ಸಿಮೆಂಟು ಸುರಿಸಲಿರುವುದು ಅದರ ಮೇಲೆ. ಸಾಕ್ಷ್ಯ ನಾಶ ಎನ್ನುತ್ತಾರಲ್ಲ, ಅದಕ್ಕೆ ಇದಕ್ಕಿಂತ ಗಟ್ಟಿಯಾದ ವಿಧಾನ ನನಗಂತೂ ಗೊತ್ತಿಲ್ಲ.

ಮೊನ್ನೆ ಊರಸಭೆಯಲ್ಲಿ ಗೋಬಾ ನೋಟಿಸನ್ನು ಓದಿದರು. ಇಪ್ಪತ್ತೆರಡು ಮನೆಗಳವರು ನಮ್ಮ ಮನೆಯತ್ತ ನೋಡುತ್ತಿದ್ದಾರೆ. ನಮ್ಮ ಕೋಣೆ ಉಳಿದರೆ ಅವರ ಹಲಗೆಗಳೂ ಬೀಳುತ್ತವೆ, ನಮ್ಮದಕ್ಕೆ ಸಿಮೆಂಟು ಬಿದ್ದರೆ ಅವರು ಮತ್ತೊಂದು ಚಳಿಗಾಲ ಬಂಡೆಗಳ ಹಿಂದೆ ಕೂರುತ್ತಾರೆ. ಅಬಿ-ಲೆ ಈ ವರ್ಷ ಇನ್ನಷ್ಟು ಬಡವಾಗಿದ್ದಾರೆ. ನೋಟಿಸಿನ ಸುದ್ದಿ ಕೇಳಿದ ಸಂಜೆ ಅವರು ಮೂರನೇ ಬಟ್ಟಲಿಗೆ ಅಂಗೈ ಮುಚ್ಚಿದರು. ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆ. ನನಗೆ ಹೆದರಿಕೆಯಾಗಿದೆ, ಮಾನ್ಯರೇ. ಇಷ್ಟೆಲ್ಲ ವ್ಯಂಗ್ಯ ಬರೆದವಳು ಇದನ್ನೂ ಬರೆಯಬೇಕು: ನನಗೆ ಬಹಳ ಹೆದರಿಕೆಯಾಗಿದೆ.

ಆದ್ದರಿಂದ ನನ್ನ ಬೇಡಿಕೆ. ನೋಟಿಸನ್ನು ಹಿಂದಕ್ಕೆ ಪಡೆಯಿರಿ, ಊರಿನ ಎಲ್ಲ ಮೊಹರುಗಳನ್ನು ತೆಗೆಸಿರಿ, ನೆಲ ಬಿಗಿದುಕೊಳ್ಳುವ ಮುಂಚೆ ತೆಗೆಸಿರಿ. ಡಿಸೆಂಬರಿನಲ್ಲಿ ಬರುವ ದಯೆ ನಮಗೆ ಬೇಡ, ಅಷ್ಟುಹೊತ್ತಿಗೆ ಅಗೆಯಲು ಮಣ್ಣಿರುವುದಿಲ್ಲ. ಹಿಂದಕ್ಕೆ ಪಡೆಯಲಾಗದಿದ್ದರೆ ಪರಿಶೀಲನಾ ವರದಿಯನ್ನಾದರೂ ಪೂರ್ತಿ ಮಾಡಿರಿ: ಸದರಿ ಕಕ್ಕಸನ್ನು ಸದರಿ ದಿನಗಳಲ್ಲಿ ಯಾವ ಹುದ್ದೆಯವರು ಎಷ್ಟು ಸಲ ಬಳಸಿದರು ಎಂಬ ಸಾಲನ್ನು ಸೇರಿಸಿ, ಕೆಳಗೆ ರುಜು ಹಾಕಿರಿ. ನಾವಂತೂ ನಾಳೆಯಿಂದ ಮಣ್ಣು ಹೊರಲು ಶುರುಮಾಡುತ್ತೇವೆ. ಈ ಪತ್ರದ ಒಂದು ಪ್ರತಿ ಪೇಟೆಯ ಪತ್ರಿಕೆಗೂ ಹೋಗಿದೆ.

ಬರೆದದ್ದನ್ನೆಲ್ಲ ಅಬಿ-ಲೆಗೆ ಓದಿ ಹೇಳಿದೆ. ತಮ್ಮನ್ನು ಊರೊಳಗೆ ಬಿಡಬಾರದು ಎಂದು ಕೊನೆಗೆ ಸೇರಿಸಲೇ ಎಂದು ಕೇಳಿದೆ. ಬೇಡ ಅಂದರು. “ಬರ್ಲಿ ಬಿಡೇ. ಸಿಮೆಂಟೂ ತರ್ಲಿ. ಮೊದ್ಲು ಎರಡು ದಿನ ಇರಿಸ್ಕೊಂಡು ಹೊಟ್ಟೆ ತುಂಬ ಊಟ ಹಾಕೋಣ. ಅವನು ಎಲ್ಲಿಗೆ ಹೋಗ್ತಾನೆ ಅಂತ ನೋಡ್ಕೋ. ಅದೊಂದನ್ನ ಬಿಟ್ಟು, ಬೇರೆ ಎಲ್ಲಿ ಬೇಕಾದ್ರೂ ಸುರೀಲಿ.”

ಇಂತಿ,
ತಮ್ಮ ಮೊಹರನ್ನು ಒಡೆದ, ತಮ್ಮ ಮಾನವನ್ನು ಮೂರು ದಿನ ಕಾದ,
ಎರಡಕ್ಕೂ ಶಿಕ್ಷೆ ಒಂದೇ ಎಂದು ಈಗಷ್ಟೇ ಕಲಿತ
ಕುಂಜೆಸ್
ಯುರ್ಮೊ, ಅಕ್ಟೋಬರ್ ಎಂಟು